ಡಿಸ್ಚಾರ್ಜ್ ಚೀಟಿಗೆ ಮೊದಲು ಒಂದು ಫೋನ್ ಕರೆ

ಮದ್ಯವ್ಯಸನದ ಚಿಕಿತ್ಸೆಗೆ ದಾಖಲಾದವರನ್ನು ಮನೆಗೆ ಕಳಿಸುವಾಗ, ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಡಿಸ್ಚಾರ್ಜ್ ಚೀಟಿಯ ಕೊನೆಗೆ ‘ಎಎ ಸಭೆಗಳಿಗೆ ಹೋಗುವುದು’ ಎಂದು ಬರೆದು ಸಹಿ ಹಾಕುತ್ತಿದ್ದೆ. ಎಎ ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಸಂಘ. ತಿಂಗಳ ನಂತರ ವಿಚಾರಿಸಿದರೆ ಬಹುತೇಕ ಎಲ್ಲರದೂ ಒಂದೇ ಉತ್ತರ: ‘ಹೋಗಬೇಕು ಅಂತಿದೀನಿ ಡಾಕ್ಟ್ರೇ.’ ಇದನ್ನು ಅವರ ಉದಾಸೀನವೆಂದು ಭಾವಿಸಿದ್ದು ನನ್ನ ತಪ್ಪು. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ 20 ಮಂದಿ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಸಭೆಯ ಸ್ಥಳ ಮತ್ತು ಸಮಯವನ್ನಷ್ಟೇ ತಿಳಿಸಲಾಗಿತ್ತು. ಉಳಿದವರ ಎದುರಿಗೇ ಸಂಘದ ಸದಸ್ಯರೊಬ್ಬರಿಗೆ ಫೋನ್ ಮಾಡಿ, ಮೊದಲ ಸಭೆಗೆ ಅವರೇ ಜೊತೆಗೆ ಕರೆದೊಯ್ಯುವಂತೆ ಏರ್ಪಾಡು ಮಾಡಲಾಗಿತ್ತು. ಮೊದಲ ಗುಂಪಿನ ಒಬ್ಬರೂ ಸಭೆಗೆ ಹೋಗಲಿಲ್ಲ, ಎರಡನೆಯ ಗುಂಪಿನ ಎಲ್ಲರೂ ಹೋದರು. ಅದನ್ನು ಓದಿದ ಮೇಲೆ ನಾನು ಚೀಟಿಗಿಂತ ಮೊದಲು ಫೋನನ್ನು ಕೈಗೆತ್ತಿಕೊಳ್ಳುತ್ತೇನೆ.

ವಿಳಾಸ ಸಿಗುವುದು ಈಗ ಕಷ್ಟವಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಕೇಳಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕಷ್ಟವಿರುವುದು ಬಾಗಿಲ ಹತ್ತಿರದ ಕೊನೆಯ ಹತ್ತು ಹೆಜ್ಜೆಗಳಲ್ಲಿ. ವೈರಿಂಗ್ ಕೆಲಸ ಮಾಡುವ ನನ್ನ ರೋಗಿಯೊಬ್ಬರು ಸಭೆ ನಡೆಯುವ ಶಾಲೆಯ ಗೇಟಿನವರೆಗೆ ಎರಡು ವಾರ ಹೋಗಿ, ಬೈಕಿನಿಂದ ಇಳಿಯದೆಯೇ ಮರಳಿದ್ದರು. ಮೂರನೆಯ ವಾರ ಒಳಗಿನಿಂದ ಬಂದ ಹಿರಿಯರೊಬ್ಬರು ಏನನ್ನೂ ವಿಚಾರಿಸದೆ, ‘ಈ ಕುರ್ಚಿಗಳನ್ನ ಸ್ವಲ್ಪ ಒಳಗಿಡ್ತೀರಾ?’ ಎಂದರಂತೆ. ಎರಡು ಪ್ಲಾಸ್ಟಿಕ್ ಕುರ್ಚಿ ಹಿಡಿದು ಒಳಹೊಕ್ಕವರು ಅದರಲ್ಲೇ ಒಂದರ ಮೇಲೆ ಕುಳಿತರು. ‘ನಮ್ಮೂರಿನವರು ಯಾರಾದರೂ ನೋಡಿಬಿಟ್ಟರೆ?’ ಎಂಬ ಭಯವನ್ನು ಸಣ್ಣದೆಂದು ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಕಾಣಸಿಗುವ ಊರಿನವರೂ ಅದೇ ಕಾರಣಕ್ಕೆ ಬಂದಿರುತ್ತಾರೆ, ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬುದನ್ನು ಸದಸ್ಯರು ಬಹಳ ನಿಷ್ಠೆಯಿಂದ ಪಾಲಿಸುತ್ತಾರೆ ಎಂದು ಮಾತ್ರ ತಿಳಿಸುತ್ತೇನೆ.

ಒಳಗೆ ನಡೆಯುವುದು ಸರಳ. ಒಬ್ಬರು ತಮ್ಮ ಹೆಸರು ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಎಂದು ಆರಂಭಿಸಿ ತಮ್ಮ ಅನುಭವವನ್ನು ಹಂಚಿಕೊಳ್ಳುತ್ತಾರೆ. ಉಳಿದವರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೊಸಬರು ಮಾತನಾಡಲೇಬೇಕೆಂದಿಲ್ಲ. 1935ರಲ್ಲಿ ಓಹಾಯೊದ ಆಕ್ರನ್ ನಗರದಲ್ಲಿ ಒಬ್ಬ ಷೇರು ವ್ಯವಹಾರದವರು ಮತ್ತು ಒಬ್ಬ ಶಸ್ತ್ರಚಿಕಿತ್ಸಕರು, ಇಬ್ಬರೂ ಕುಡಿತದಿಂದ ನೊಂದವರು, ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿ ಸದಸ್ಯತ್ವಕ್ಕೆ ಬೇಕಾದದ್ದು ಕುಡಿತ ಬಿಡುವ ಇಚ್ಛೆಯೊಂದೇ. ಶುಲ್ಕವಿಲ್ಲ, ಖರ್ಚಿಗೆಂದು ಸದಸ್ಯರೇ ಸ್ವಇಚ್ಛೆಯಿಂದ ಹಣ ಹಾಕುತ್ತಾರೆ. ಮುಚ್ಚಿದ ಸಭೆಗಳು ವ್ಯಸನಿಗಳಿಗೆ ಮೀಸಲು. ತೆರೆದ ಸಭೆಗೆ ಹೆಂಡತಿಯೋ ತಮ್ಮನೋ ಜೊತೆಗೆ ಬರಬಹುದಾದ್ದರಿಂದ ಮೊದಲ ಬಾರಿಗೆ ಅದನ್ನೇ ನಾನು ಸೂಚಿಸುತ್ತೇನೆ. ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಪ್ರತ್ಯೇಕ ಸಂಘವಿದೆ, ಮತ್ತು ವರ್ಷಗಟ್ಟಲೆ ಬಾಟಲಿ ಬಚ್ಚಿಡುತ್ತಾ, ಸುಳ್ಳು ಹೇಳಿ ರಜೆ ಕೇಳುತ್ತಾ ಬಂದ ಹೆಂಡತಿಗೆ ಗಂಡನಷ್ಟೇ ಅದರ ಅಗತ್ಯವಿರುತ್ತದೆ.

ಹಳ್ಳಿಯ ಕಡೆಯವರಿಗೆ ಇನ್ನೊಂದು ದಾರಿಯೂ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಪಾಲ್ಗೊಂಡವರು ಆನಂತರ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಪಾನಮುಕ್ತರಾದವರು ಒಬ್ಬರನ್ನೊಬ್ಬರು ಕೈಬಿಡದೆ ಒಟ್ಟಿಗೆ ಕೂರುವ ಈ ಕ್ರಮವೇ ಎರಡೂ ಕಡೆಯ ಜೀವಾಳವೆಂಬುದು ನನ್ನ ಅಭಿಪ್ರಾಯ. ಯಾವ ದಾರಿ ಯಾರಿಗೆ ಒಗ್ಗುತ್ತದೆಂಬುದನ್ನು ಅವರ ಭಾಷೆ, ನಂಬಿಕೆ ಮತ್ತು ಬಸ್ಸಿನ ವೇಳೆ ನಿರ್ಧರಿಸಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಸಭೆಯು ಔಷಧಕ್ಕೆ ಬದಲಿಯಲ್ಲ. ದಿನವೂ ಬೆಳಿಗ್ಗೆ ಕೈನಡುಕ ತಡೆಯಲು ಕುಡಿಯುವವರು, ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದವರು ಒಮ್ಮೆಲೇ ಬಿಟ್ಟರೆ, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಬುದ್ಧಿಭ್ರಮಣೆ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. ಅವರು ಮೊದಲು ಆಸ್ಪತ್ರೆಗೆ ಬರಬೇಕು. ‘ಮಾತ್ರೆಯೂ ಒಂದು ಚಟವೇ’ ಎಂದು ಸಭೆಯಲ್ಲಿ ಯಾರಾದರೂ ಹೇಳಿದರೆ ಔಷಧ ನಿಲ್ಲಿಸಬಾರದು. ಕುಡಿತದ ಹಂಬಲ ತಗ್ಗಿಸಲು ಕೊಡುವ ನಾಲ್ಟ್ರೆಕ್ಸೋನ್ ಆಗಲಿ, ಅಕಾಂಪ್ರೊಸೇಟ್ ಆಗಲಿ ಚಟ ಹಿಡಿಸುವುದಿಲ್ಲ; ಸದಸ್ಯರು ವೈದ್ಯರ ಪಾತ್ರ ವಹಿಸಬಾರದೆಂದು ಎಎ ತನ್ನ ಪ್ರಕಟಣೆಯಲ್ಲೇ ಹೇಳಿದೆ. ಇಷ್ಟು ಹೇಳಿದ ನಂತರವೂ ಸಭೆಗಳನ್ನು ನಾನು ಹಗುರವಾಗಿ ನೋಡಲಾರೆ: 27 ಅಧ್ಯಯನಗಳ 10,565 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿದ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯ ಪ್ರಕಾರ, ರೋಗಿಯನ್ನು ವ್ಯವಸ್ಥಿತವಾಗಿ ಎಎಗೆ ಜೋಡಿಸುವ ಚಿಕಿತ್ಸೆಯು ಪೂರ್ಣ ಪಾನಮುಕ್ತಿಯ ವಿಷಯದಲ್ಲಿ ಇತರ ಆಪ್ತಸಮಾಲೋಚನಾ ಚಿಕಿತ್ಸೆಗಳಿಗಿಂತ ಉತ್ತಮ ಫಲ ನೀಡಿದೆ.

ಮೊದಲ ಸಭೆ ಹಿಡಿಸಲಿಲ್ಲವೆಂದು ಬರುವವರಿಗೆ ಬೇರೆ ಗುಂಪನ್ನು ಹುಡುಕಿಕೊಡುತ್ತೇನೆ. ಒಂದು ಗುಂಪಿನಲ್ಲಿ ಎಲ್ಲರೂ ಅರವತ್ತು ದಾಟಿದವರಿರಬಹುದು, ಇನ್ನೊಂದರಲ್ಲಿ ಹೆಂಗಸರೇ ಇಲ್ಲದಿರಬಹುದು. ಮೂರು ನಾಲ್ಕು ಕಡೆ ಕುಳಿತು ನೋಡದೆ ತೀರ್ಮಾನಿಸುವುದು ಬೇಡ.

ವಾರ್ಡಿನಿಂದ ಹೊರಡುವ ಹಿಂದಿನ ದಿನ, ರೋಗಿಯ ಒಪ್ಪಿಗೆ ಪಡೆದು, ನನ್ನ ಟೇಬಲ್ಲಿನಿಂದಲೇ ಫೋನ್ ಹಚ್ಚಿ ಅವರ ಕೈಗೆ ಕೊಡುತ್ತೇನೆ. ಕೇಳಬೇಕಾದದ್ದು ಹೆಚ್ಚೇನಿಲ್ಲ: ಸಭೆ ಕನ್ನಡದಲ್ಲಿ ನಡೆಯುತ್ತದೆಯೇ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಬಸ್ ಸ್ಟಾಪಿನ ಹತ್ತಿರ ಒಬ್ಬರು ಬಂದು ನಿಲ್ಲಬಹುದೇ. ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವನ್ನು ನಾನು ಈವರೆಗೆ ಕೇಳಿಲ್ಲ.