ಆಡುವವರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುವ ನಗರ

ಮಂಗಳೂರಿನ ಹಂಪನಕಟ್ಟೆಯಿಂದ ಬಂದರಿನ ಕಡೆಗೆ ಇಳಿಯುವ ಓಣಿಗಳಲ್ಲಿ ಮಕ್ಕಳ ಅಂಡರ್‌ಆರ್ಮ್ ಕ್ರಿಕೆಟ್‌ನ ರೂಲ್ಸ್ ಕೇಳಬೇಕು. ಚೆಂಡು ಕಾಂಪೌಂಡ್ ದಾಟಿದರೆ ಸಿಕ್ಸರ್ ಅಲ್ಲ, ಔಟ್. ಗೋಡೆಗೆ ಬಡಿದು ಬಂದದ್ದನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ನಡುವೆ ಸ್ಕೂಟರ್ ಬಂತಾ? ಆ ಬಾಲ್ ಲೆಕ್ಕಕ್ಕಿಲ್ಲ. ಯಾವ ಮನೆಯ ಅಜ್ಜ ಚೆಂಡು ವಾಪಸ್ ಕೊಡುವುದಿಲ್ಲ ಅನ್ನುವುದನ್ನೂ ಲೆಕ್ಕ ಹಾಕಿಯೇ ಈ ರೂಲ್ಸ್ ಆಗಿರುತ್ತದೆ. ಇಕ್ಕಟ್ಟಿನ ಜಾಗವನ್ನು ಹಂಚಿಕೊಂಡು ಬಳಸುವುದು ಹೇಗೆ ಅಂತ ಗೊತ್ತಿರುವವರು ಇವರೇ. ಆದರೆ ನಗರದಲ್ಲಿ ಪಾರ್ಕ್, ಮೈದಾನದ ಮಾತು ಬಂದಾಗ ಇವರನ್ನು ಕೇಳುವ ಪದ್ಧತಿ ಇಲ್ಲ.

ಹಿಂದೆ ಕೇಳುವ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಮಂಗಳೂರು ಗುಡ್ಡ, ತಗ್ಗುಗಳ ಊರು. ಸಮತಟ್ಟು ಜಾಗ ಅಂದರೆ ಗದ್ದೆ. ಕೊಯ್ಲು ಮುಗಿದ ಮೇಲೆ ಅದೇ ಮೈದಾನ. ಕುಟ್ಟಿದೊಣ್ಣೆ, ಲಗೋರಿ, ಕ್ರಿಕೆಟ್ ಎಲ್ಲ ಅಲ್ಲೇ. ಆ ಗದ್ದೆಗಳಿಗೆ ಮಣ್ಣು ಬಿತ್ತು, ಅಪಾರ್ಟ್‌ಮೆಂಟ್ ಬಂತು. ಓಣಿ ಪಾರ್ಕಿಂಗ್ ಪಾಲಾಯಿತು. ಪೇಟೆಯ ನಡುವೆ ದೊಡ್ಡದಾಗಿ ಉಳಿದದ್ದು ಹಳಬರು ಸೆಂಟ್ರಲ್ ಮೈದಾನ ಅನ್ನುವ ನೆಹರೂ ಮೈದಾನ. ಅಲ್ಲಿಯೂ ದೊಡ್ಡ ಸಭೆ, ಸಮಾವೇಶ ಇದ್ದ ದಿನ ಆಟ ಬಂದ್. ಉದ್ಯಾನ, ಆಟದ ಬಯಲುಗಳನ್ನು ಕಾಪಾಡಲು ರಾಜ್ಯದಲ್ಲಿ 1985ರ ಕಾಯ್ದೆ ಇದೆ ನಿಜ. ಅದು ಜಾಗ ಉಳಿಸುವ ಕಾಯ್ದೆ. ಉಳಿದ ಜಾಗದಲ್ಲಿ ಏನಿರಬೇಕು ಅಂತ ಆಡುವವರನ್ನು ಕೇಳುವುದು ಬೇರೆಯೇ ಕೆಲಸ.

ಆ ಕೆಲಸಕ್ಕೆ ಹೊರಗೆ ಹಳೆಯ ಇತಿಹಾಸವಿದೆ. ಚೆಂದದ ಆಟದ ಅಂಗಳಕ್ಕಿಂತ ಗುಜರಿ ಸಾಮಾನು ಬಿದ್ದಿರುವ ಜಾಗವೇ ಮಕ್ಕಳಿಗೆ ಜಾಸ್ತಿ ಇಷ್ಟ ಅಂತ ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕಾರ ಸೊರೆನ್ಸನ್ ಗಮನಿಸಿದ್ದರು. 1943ರಲ್ಲಿ, ಯುದ್ಧದ ನಡುವೆಯೇ, ಕೋಪನ್‌ಹೇಗನ್‌ನ ಎಮ್‌ಡ್ರುಪ್‌ನಲ್ಲಿ ಅಂಥದ್ದೊಂದು ಶುರುವಾಯಿತು. ಹಲಗೆ, ಮೊಳೆ, ಸುತ್ತಿಗೆ ಕೊಟ್ಟು ಮಕ್ಕಳಿಗೇ ಕಟ್ಟಲು ಬಿಟ್ಟರು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಉದ್ಯಾನ ವಿನ್ಯಾಸಕಿ ಲೇಡಿ ಅಲೆನ್ ಅದನ್ನು ನೋಡಿ ಬಂದು, ಬಾಂಬ್ ಬಿದ್ದು ಪಾಳಾಗಿದ್ದ ಲಂಡನ್ನಿನ ಜಾಗಗಳಲ್ಲೂ ಇದನ್ನೇ ಮಾಡಿ ಅಂತ ಬೆನ್ನು ಹತ್ತಿದರು.

ಹಕ್ಕಿನ ಮಾತು ಬಂದದ್ದು ಆಮೇಲೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 31ನೇ ವಿಧಿ ಆಟಕ್ಕೆ, 12ನೇ ವಿಧಿ ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕಿಗೆ. ಭಾರತ ಒಪ್ಪಿದ್ದು 1992ರಲ್ಲಿ. ಅದೇ ವರ್ಷ ರೋಜರ್ ಹಾರ್ಟ್ ಎಂಬ ಸಂಶೋಧಕರು ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ, ಬರೀ ತೋರಿಕೆ ಅಂದರು. ಉದ್ಘಾಟನೆಗೆ ಯೂನಿಫಾರ್ಮ್ ಹಾಕಿಸಿ ಸಾಲಾಗಿ ನಿಲ್ಲಿಸುತ್ತೇವಲ್ಲ, ಅದು ಆ ಮೂರರಲ್ಲೇ ಎಲ್ಲೋ ಬರುತ್ತದೆ.

ವಿಚಿತ್ರ ಏನೆಂದರೆ, ಮಕ್ಕಳನ್ನು ನಿಜವಾಗಿ ಕೇಳುವುದನ್ನು ಕಲಿಯಲು ನಾವು ಕೋಪನ್‌ಹೇಗನ್‌ಗೆ ಹೋಗಬೇಕಿಲ್ಲ. ಕುಂದಾಪುರ ಸಾಕು. ದುಡಿಯುವ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದ ಸಿಡಬ್ಲ್ಯುಸಿ (ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್) ಸಂಸ್ಥೆ ಮತ್ತು ಆ ಮಕ್ಕಳದೇ ಭೀಮ ಸಂಘದ ಪ್ರಯತ್ನದಿಂದ 1990ರ ದಶಕದಲ್ಲಿ ಅಲ್ಲಿನ ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತ್ ಹುಟ್ಟಿತು. ಮಕ್ಕಳೇ ವೋಟು ಹಾಕಿ ಪ್ರತಿನಿಧಿಗಳನ್ನು ಆರಿಸಿದರು. ತಮ್ಮ ಊರಿನ ಸಮಸ್ಯೆಗಳನ್ನು ತಾವೇ ಮಾಹಿತಿ ಕಲೆಹಾಕಿ ದೊಡ್ಡವರ ಮುಂದಿಟ್ಟರು. ಮಳೆಗಾಲದಲ್ಲಿ ಶಾಲೆಗೆ ಹೋಗಲು ದಾಟಬೇಕಾದ ಕಾಲುಸಂಕದಂಥ ವಿಷಯ ಅದು. ದೊಡ್ಡವರಿಗೆ ಕಾಲುಸಂಕ ಕಾಣುತ್ತಿರಲಿಲ್ಲ ಅಂತಲ್ಲ, ಆದರೆ ದಿನಕ್ಕೆ ಎರಡು ಸಲ ಬ್ಯಾಗ್ ಹೊತ್ತು ಅದರ ಮೇಲೆ ನಡೆಯುವವರು ಅವರಲ್ಲ, ಅಲ್ವಾ? ಮುಂದೆ ರಾಜ್ಯದ ಗ್ರಾಮ ಪಂಚಾಯತ್‌ಗಳಲ್ಲೆಲ್ಲ ಮಕ್ಕಳ ಗ್ರಾಮಸಭೆ ಸರ್ಕಾರಿ ಕಾರ್ಯಕ್ರಮವೇ ಆಯಿತು. ಕೆಲವು ಕಡೆ ಭಾಷಣ, ಬಿಸ್ಕೆಟ್‌ಗೆ ಮುಗಿಯುತ್ತದೆ. ಆದರೂ ಹಳ್ಳಿಯ ಹುಡುಗಿಗೆ ಅಧ್ಯಕ್ಷರ ಎದುರು ಎದ್ದು ನಿಂತು ಕೇಳಲು ಒಂದು ದಿನ ಇದೆ.

ಮಂಗಳೂರಿನ ಮಗುವಿಗೆ ಅದಿಲ್ಲ. ಪಾಲಿಕೆಯ 60 ವಾರ್ಡ್‌ಗಳಿಗೆ ವಾರ್ಡ್ ಸಮಿತಿಯ ಕಾನೂನಿದೆ. ಅದರಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಜಾಗ ಇಟ್ಟಿದ್ದಾರೆ. ಮಕ್ಕಳಿಗೆ ಇಲ್ಲ.

ಕೇಳಿದ್ದರೆ ಏನು ಹೇಳುತ್ತಿದ್ದರು? ನನ್ನ ಅಂದಾಜಿನಲ್ಲಿ ಮೊದಲ ಮಾತು ಮಳೆಯದ್ದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಜಾರುಬಂಡಿ, ಉಯ್ಯಾಲೆ ಸುಮ್ನೆ ನೆನೆಯುತ್ತಾ ನಿಂತಿರುತ್ತವೆ. ಹಾಗಿದ್ದೂ ಬೆಂಗಳೂರಿನ ಪಾರ್ಕಿಗೆ ಹಾಕುವ ಸಾಮಾನನ್ನೇ ಇಲ್ಲಿಗೂ ಹಾಕುತ್ತಾರೆ. ಮಾಡು ಇರುವ ಒಂದು ಚಪ್ಪರ, ಗಟ್ಟಿ ನೆಲ ಇದ್ದರೆ ಕುಂಟೆಬಿಲ್ಲೆಯಾದರೂ ನಡೆದೀತು. ಎರಡನೆಯದನ್ನು ಹುಡುಗಿಯರೇ ಹೇಳಬೇಕು. ಹೈಸ್ಕೂಲ್ ಮೆಟ್ಟಿಲು ಹತ್ತುತ್ತಿದ್ದಂತೆ ಅವರು ಮೈದಾನದಿಂದ ಮಾಯ. ಬೆಳಕು, ಟಾಯ್ಲೆಟ್, ಮನೆಯಿಂದ ಅಲ್ಲಿಗೆ ರಸ್ತೆ ದಾಟುವ ರೀತಿ, ಇವುಗಳಲ್ಲಿ ಯಾವುದು ಅಡ್ಡಿ ಅಂತ ಡ್ರಾಯಿಂಗ್ ಬೋರ್ಡ್ ಮುಂದೆ ಕೂತು ಊಹಿಸಲಾಗದು. ಜೊತೆಗೆ ನಡೆದು ನೋಡಬೇಕು.

ಇದಕ್ಕೆ ಕೋಟಿಗಟ್ಟಲೆ ಬೇಡ. ಪಾರ್ಕಿನ ಟೆಂಡರ್ ಕರೆಯುವ ಮೊದಲು ಆ ವಾರ್ಡಿನ ಮಕ್ಕಳ ಜೊತೆ ಓಣಿ ಸುತ್ತಿ, ಎಲ್ಲಿ ಆಡುತ್ತಾರೆ, ಎಲ್ಲಿಂದ ಓಡಿಸುತ್ತಾರೆ ಅಂತ ನಕ್ಷೆಯಲ್ಲಿ ಗುರುತು ಹಾಕಿಸಿದರೆ ಆಯಿತು. ಸಭೆ ಭಾನುವಾರ ಇಡಬೇಕು, ಉಳಿದ ದಿನ ಅವರಿಗೆ ಶಾಲೆ, ಆಮೇಲೆ ಟ್ಯೂಷನ್.