ತೆರೆಯ ಮೇಲಿನ ಕಡಲಿಗೆ ಎಲ್ಲಿಯ ಸದ್ದು?

ಕಾರವಾರದ ಕಡಲತೀರದಲ್ಲಿ, ದಡದಿಂದಲೇ ಹಲವರು ಸೇರಿ ಎಳೆಯುವ ದೊಡ್ಡ ರಂಪಣಿ ಬಲೆ ಎಳೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿ. ಹಗ್ಗ ಹಿಡಿದ ಮುದುಕರೊಬ್ಬರ ಮುಖದ ಬೆನ್ನಿಗೆ ಬಂಗುಡೆ ತುಂಬಿದ ಬುಟ್ಟಿಯನ್ನು ಜೋಡಿಸಿದರೆ ಆ ಮುಖದಲ್ಲಿ ನೆಮ್ಮದಿ ಕಾಣುತ್ತದೆ. ಬುಟ್ಟಿಯ ಬದಲು ಬರಿದಾದ ಬಲೆಯನ್ನಿಟ್ಟರೆ ಅದೇ ಮುಖ ಬಾಡಿದಂತೆ ತೋರುತ್ತದೆ. 1920ರ ಆಸುಪಾಸಿನಲ್ಲಿ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ನಿರ್ಭಾವ ಮುಖಕ್ಕೆ ಒಮ್ಮೆ ಸೂಪಿನ ಬಟ್ಟಲನ್ನು, ಒಮ್ಮೆ ಶವಪೆಟ್ಟಿಗೆಯನ್ನು ಜೋಡಿಸಿ ತೋರಿಸಿಕೊಟ್ಟದ್ದು ಇದನ್ನೇ. ನೋಡಿದವರು ಅವನ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರಂತೆ.

ಯಕ್ಷಗಾನದ ಬಡಗುತಿಟ್ಟಿನ ಆಟ ನೋಡಿ ಬೆಳೆದವರಿಗೆ ಇದು ತೀರಾ ಹೊಸತಲ್ಲ. ಪಾತ್ರ ರಂಗಕ್ಕೆ ಬರುವ ಒಡ್ಡೋಲಗದಲ್ಲಿ ಇಬ್ಬರು ಹಿಡಿದ ತೆರೆಯ ಹಿಂದೆ ವೇಷ ಕುಣಿಯುತ್ತದೆ. ಕಿರೀಟದ ತುದಿ, ಹೆಜ್ಜೆ ಹಾಕುವ ಪಾದ, ಬಹಳ ಹೊತ್ತು ಕಾಯಿಸಿ ಇಡೀ ವೇಷ. ಎಷ್ಟು ತೋರಿಸಬೇಕು, ಎಷ್ಟನ್ನು ಮುಚ್ಚಿಡಬೇಕು ಎಂಬ ಈ ಲೆಕ್ಕವೇ ಕ್ಯಾಮೆರಾದ ಚೌಕಟ್ಟಿನ ಲೆಕ್ಕವೂ ಹೌದು. ಮುಖ ಕಾಣುವ ಮೊದಲೇ ಬರುತ್ತಿರುವವನ ಗತ್ತನ್ನು ಚಂಡೆ ಸಾರಿರುತ್ತದೆ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡ 1934ರಲ್ಲಿಯೇ ಹೊನ್ನಾವರದ ಬಳಿಯ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದರು. ಮೇಳದ ಸದ್ದು ಅಂದಿನಿಂದ ಇಂದಿನವರೆಗೂ ವೇಷದ ಬೆನ್ನಿಗೇ ಇದೆ. ಸಿನಿಮಾದ ಸದ್ದು ಮಾತ್ರ ದೃಶ್ಯವನ್ನು ಬಿಟ್ಟು ದೂರ ಹೋಯಿತು. ಅದಕ್ಕೆ ಕಾರಣ ಯಂತ್ರ. ಸ್ಟುಡಿಯೊದ ಭಾರದ ಕ್ಯಾಮೆರಾಗಳ ಜಾಗಕ್ಕೆ ಹೆಗಲ ಮೇಲೆ ಹೊರಬಹುದಾದ ಆರಿಫ್ಲೆಕ್ಸ್ ಕ್ಯಾಮೆರಾ ಬಂದಾಗ ಕಡಲು, ಕಾಡುಗಳೆಲ್ಲ ಚಿತ್ರೀಕರಣದ ತಾಣಗಳಾದವು. ಆದರೆ ಅದು ಓಡುವಾಗ ಗರಗರ ಎನ್ನುತ್ತಿತ್ತು. ಸ್ಥಳದಲ್ಲಿ ಹಿಡಿದ ಧ್ವನಿ ಕೆಲಸಕ್ಕೆ ಬಾರದೆ, ಮಾತನ್ನೂ ಅಲೆಯನ್ನೂ ಆಮೇಲೆ ಸ್ಟುಡಿಯೊದಲ್ಲಿ ತುಂಬುವುದು ರೂಢಿಯಾಯಿತು. ಕನ್ನಡ ಚಿತ್ರಗಳ ಈ ಕೆಲಸ ಬಹುಕಾಲ ನಡೆದದ್ದು ಮದ್ರಾಸಿನಲ್ಲಿ.

ಹೀಗಾಗಿ ತೆರೆಯ ಮೇಲೆ ಎಲ್ಲ ಊರಿನ ಕಡಲೂ ಒಂದೇ ದನಿಯಲ್ಲಿ ಮೊರೆಯುತ್ತದೆ. ನನಗೆ ಇದು ನಿಜವಾದ ನಷ್ಟವೆನಿಸುತ್ತದೆ. ಕಾರವಾರದ ತೀರದಲ್ಲಿ ಸಂಜೆ ಕಣ್ಣು ಮುಚ್ಚಿ ನಿಂತರೆ ಅಲೆ ಒಡೆಯುವುದು ಮೊದಲು ಕೇಳಿಸುತ್ತದೆ. ಆಮೇಲೆ ನೀರು ಮರಳಿನಲ್ಲಿ ಇಂಗುವ ಸಣ್ಣ ಸುಸ್ಸೆಂಬ ಸದ್ದು, ಗಾಳಿಮರಗಳ ನಿಟ್ಟುಸಿರು, ಹಿಂದಿನ ಹೆದ್ದಾರಿಯಲ್ಲಿ ಗೇರ್ ಬದಲಿಸುವ ಲಾರಿ. ಆ ಲಾರಿಯ ಸದ್ದೊಂದೇ ಸಾಕು, ಕಡಲು ನೋಡುತ್ತ ನಿಂತ ಪಾತ್ರದ ಬೆನ್ನ ಹಿಂದೆ ಒಂದು ಊರಿದೆ, ಅಲ್ಲಿಂದ ಹೊರಡುವ ದಾರಿಯಿದೆ ಎಂದು ತಿಳಿಸಲು. ಮಾತು ಬೇಕಿಲ್ಲ.

ಈಗಿನ ಡಿಜಿಟಲ್ ಕ್ಯಾಮೆರಾಗಳಿಗೆ ಆ ಗರಗರವಿಲ್ಲ. ಸ್ಥಳದಲ್ಲಿಯೇ ಧ್ವನಿ ಹಿಡಿಯುವವರು ಹೆಚ್ಚುತ್ತಿದ್ದಾರೆ. ಇಲ್ಲಿಗೆ ಚಿತ್ರೀಕರಣಕ್ಕೆ ಬರುವವರು ದೃಶ್ಯ ಮುಗಿದ ಮೇಲೂ ಮೈಕನ್ನು ಅರ್ಧ ಗಂಟೆ ತೀರದಲ್ಲಿಯೇ ಬಿಟ್ಟಿರಲಿ.