ಒಂದೂಕಾಲು ನಿಮಿಷದ ಓಟ, ಅರ್ಧ ಗಂಟೆಯ ಆಟ

ಬಳ್ಳಾರಿಯಲ್ಲಿ ರೇಸ್‌ಕೋರ್ಸ್ ಇಲ್ಲ. ಆದರೂ ಮೊನ್ನೆ ಮಿರ್ಚಿ-ಮಂಡಕ್ಕಿ ಅಂಗಡಿಯ ಟಿವಿಯಲ್ಲಿ ಕುದುರೆ ರೇಸ್ ಬರುತ್ತಿತ್ತು. ಯಾರೂ ತಲೆ ಎತ್ತಿರಲಿಲ್ಲ. ಪಕ್ಕದ ಟೇಬಲಿನವರು, 'ಐದನೇ ನಂಬರ್ ನಂದು ನೋಡ್ರಿ, ಸೋತ್ರೆ ಎಲ್ಲರ ಚಾ ನಂದೇ' ಅಂದರು. ಅಷ್ಟೇ, ಕಚ್ಚಿದ ಮಿರ್ಚಿ ಕೈಯಲ್ಲೇ ಉಳಿಯಿತು.

ಕಾರ ಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವಾಗ ಬಿಳಿ ಎತ್ತು ಮುಂದೋ, ಕಂದು ಎತ್ತು ಮುಂದೋ ಅಂತ ಊರೇ ಕಾಯುತ್ತದೆ ಅಲ್ವಾ? ಅಲ್ಲಿ ಎತ್ತಿಗೆ ಬೆಳೆಯ ಲೆಕ್ಕ ಗಂಟು ಬಿದ್ದಿದೆ. ಇಲ್ಲಿ ಕುದುರೆಗೆ ಚಹಾ.

1200 ಮೀಟರ್ ಓಟ ಸುಮಾರು ಒಂದೂಕಾಲು ನಿಮಿಷದಲ್ಲಿ ಮುಗಿಯುತ್ತದೆ. ಮುಂದಿನ ಓಟಕ್ಕೆ ಅರ್ಧ ಗಂಟೆ ಕಾಯಬೇಕು. ಟಿವಿಯವರ ನಿಜವಾದ ಕಸುಬು ಇರುವುದು ಈ ಅರ್ಧ ಗಂಟೆಯಲ್ಲೇ. ಅದನ್ನು ತುಂಬುವುದು ಯಾವ ಕುದುರೆ ಗೆದ್ದರೆ ರೂಪಾಯಿಗೆ ಎಷ್ಟು ಅಂತ ಪರದೆಯ ಮೇಲೆ ಕುಣಿಯುವ ಅಂಕಿಗಳು.

ಟೋಟ್, ಅಂದರೆ ಬಾಜಿ ಕಟ್ಟಿದ ದುಡ್ಡನ್ನೆಲ್ಲ ಕೂಡಿಸಿ ಗೆದ್ದವರಿಗೆ ಹಂಚುವ ಪದ್ಧತಿ. ಅದರ ಲೆಕ್ಕ ಸುಲಭ. ಎಲ್ಲರ ದುಡ್ಡೂ ಒಂದೇ ಹುಂಡಿಗೆ. 1000 ರೂಪಾಯಿ ಸೇರಿತು ಅನ್ನಿ. ನಡೆಸುವವರ ಪಾಲು, ತೆರಿಗೆ ಎಲ್ಲ ಸೇರಿ 200 ಹೋದರೆ ಉಳಿಯುವುದು 800. ಐದನೇ ನಂಬರಿನ ಮೇಲೆ 200 ಬಿದ್ದಿದ್ದರೆ ರೂಪಾಯಿಗೆ 4. ಆ 1000ದಲ್ಲೇ 400 ಬಿದ್ದಿದ್ದರೆ ಬರೀ 2. ಜನ ಮೆಚ್ಚಿದಷ್ಟೂ ಕುದುರೆಯ ಬೆಲೆ ಇಳಿಯುತ್ತದೆ. ಮೊದಲೇ ಕತ್ತರಿಸಿದ ಆ 200 ಮಾತ್ರ ಟಿವಿಯಲ್ಲಿ ಕುಣಿಯುವುದಿಲ್ಲ!

ಯಾವ ಕುದುರೆಯ ಮೇಲೆ ಎಷ್ಟು ಬಿತ್ತು ಅಂತ ಕೂಡುವುದನ್ನು ಯಂತ್ರಕ್ಕೆ ಕಲಿಸಿದವರು ಎಂಜಿನಿಯರ್ ಜಾರ್ಜ್ ಜೂಲಿಯಸ್. 1913ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಅದು ಓಡಿತು. ತಮಾಷೆ ಏನೆಂದರೆ, ಅವರು ಮೊದಲು ಮಾಡಹೊರಟದ್ದು ಚುನಾವಣೆಯ ಮತ ಎಣಿಸುವ ಯಂತ್ರ. ಸರ್ಕಾರ ಬೇಡ ಅಂದಿತು, ರೇಸಿನವರು ಬಾ ಅಂದರು.

ಅಂಕಿ ಕುಣಿದರೆ ನಮಗೇಕೆ ಕಣ್ಣು ಕೀಳಲಾಗುವುದಿಲ್ಲ? ಮೆದುಳಿನ ವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು 2003ರಲ್ಲಿ ಕೋತಿಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಒಂದೊಂದು ಚಿತ್ರಕ್ಕೆ ಹಣ್ಣಿನ ರಸ ಸಿಗುವ ಸಾಧ್ಯತೆ ಒಂದೊಂದು ಥರ. ಸಿಕ್ಕೇ ಸಿಗುತ್ತದೆ ಎಂದಾಗಲ್ಲ, ಸಿಗುವುದೇ ಇಲ್ಲ ಎಂದಾಗಲೂ ಅಲ್ಲ, ಅರ್ಧಕ್ಕರ್ಧ ಎಂದಾಗ, ಕಾಯುವ ಹೊತ್ತಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸೂಸುವ ಮೆದುಳಿನ ನರಕೋಶಗಳ ಚುರುಕು ಜಾಸ್ತಿ ಏರುತ್ತಾ ಹೋಯಿತು. ರಸಕ್ಕಿಂತ ಮೊದಲೇ!

ಇನ್ನೊಂದು ಮಜಾ ಇದೆ. ಕೂದಲೆಳೆಯಲ್ಲಿ ತಪ್ಪಿದ ಗೆಲುವು ಸೋಲೇ. ಆದರೆ 2009ರಲ್ಲಿ ಮನೋವಿಜ್ಞಾನಿ ಲ್ಯೂಕ್ ಕ್ಲಾರ್ಕ್ ತಂಡ ಜೂಜಿನ ಯಂತ್ರದಂಥ ಆಟ ಆಡಿಸಿ ಮೆದುಳಿನ ಸ್ಕ್ಯಾನ್ ಮಾಡಿತು. ಗೆದ್ದಾಗ ಚುರುಕಾಗುವ ಕೆಲವು ಭಾಗಗಳು ಹಾಗೆ ತಪ್ಪಿದಾಗಲೂ ಚುರುಕಾಗಿದ್ದವು. ಆಟದ ಚಿತ್ರವನ್ನು ತಾವೇ ಆರಿಸಿದ್ದಾಗ ಇನ್ನೂ ಆಡಬೇಕು ಅನ್ನುವ ಆಸೆಯೂ ಹೆಚ್ಚಿತ್ತು. ಕೊನೆಯ ಹತ್ತು ಹೆಜ್ಜೆಯನ್ನು ಟಿವಿಯವರು ನಿಧಾನವಾಗಿ ಮತ್ತೆ ಮತ್ತೆ ತೋರಿಸುವುದು ಸುಮ್ನೆ ಅಲ್ಲ.

ಅಂದಹಾಗೆ, ನಮ್ಮ ಐದನೇ ನಂಬರು ಕತ್ತಿನಷ್ಟು ಅಂತರದಲ್ಲಿ ಎರಡನೇದಾಯಿತು. ಪಕ್ಕದವರು ಆರು ಚಹಾ ಹೇಳಿದರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು.